ಅಂದು ನಾನು ತಡೆಹಿಡಿದ ಸೂಜಿ

ಕರ್ನಾಟಕ ಏಕೀಕರಣವಾದ ವರ್ಷ ನಾನು ನರೇಗಲ್ಲಿನ ದವಾಖಾನೆಯಲ್ಲಿ ನರ್ಸಾಗಿದ್ದೆ. ವಯಸ್ಸು ಇಪ್ಪತ್ತೆರಡು, ಮಾತು ಮಾತ್ರ ಭಾರೀ ಖಾರ. ಹಿಂಗಾರಿ ಬಿತ್ತನೆಯ ದಿನಗಳಲ್ಲಿ ಒಂದು ಬೆಳಿಗ್ಗೆ ನನ್ನನ್ನು ಕರೆದೊಯ್ಯಲು ಹತ್ತಿರದ ಹಳ್ಳಿಯಿಂದ ಚಕ್ಕಡಿ ಬಂತು. ಗಂಗವ್ವ ಎಂಬಾಕೆಯ ಮಗಳು ಶಾಂತವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ದಿನದಿಂದ ಬ್ಯಾನಿ ತಿನ್ನುತ್ತಿದ್ದಳು. ರೋಣದ ದೊಡ್ಡ ದವಾಖಾನೆಗೆ ಒಯ್ಯೋಣವೆಂದರೆ ಮಳೆಗೆ ಎರೆಮಣ್ಣಿನ ದಾರಿ ಗಾಲಿ ಬಿಡುತ್ತಿರಲಿಲ್ಲ.

ಗರ್ಭಚೀಲವನ್ನು ಬಿಗಿ ಹಿಡಿಸುವ ಇಂಜೆಕ್ಷನ್ ನನ್ನ ಚೀಲದಲ್ಲಿ ಒಂದೇ ಒಂದಿತ್ತು. ಶಾಂತವ್ವನ ಅಣ್ಣ ಗದಗಿನಲ್ಲಿ ಅದರ ಸುದ್ದಿ ಕೇಳಿಕೊಂಡು ಬಂದಿದ್ದ.

"ಬಾಯಾರ, ಆ ಸೂಜಿ ಮಾಡಿದ್ರ ಕೂಸು ಲಗೂನ ಹೊರಗ ಬರತೈತಂತ. ಮಾಡ್ರಿ!"

"ಈಗ ಮಾಡಿದ್ರ ಗರ್ಭಚೀಲ ಹರೀಬಹುದು. ನಿಮ್ಮ ತಂಗಿ ಉಳಿಯಂಗಿಲ್ಲ. ಕೂಸು ಹೊರಗ ಬಂದ ಮ್ಯಾಲ ಇದರ ಕೆಲಸ."

"ನೀವೇನ್ ಡಾಕ್ಟರೇನ್ರಿ?"

"ಅಲ್ರಿ. ಅದಕ್ಕ ಕಲಿಸಿದ್ದು ಬಿಟ್ಟು ಬ್ಯಾರೆ ಮಾಡಂಗಿಲ್ಲ."

ಆತ ಬೈಯುತ್ತ ಹೊರಗೆ ಹೋದ. ಬಾಯಲ್ಲಿ ಜೋರಿದ್ದರೂ ನನ್ನ ಜೀವ ಪುಕುಪುಕು ಎನ್ನುತ್ತಿತ್ತು. ಕಾಯುತ್ತಿರುವಾಗಲೇ ಆಕೆಗೆ ಏನಾದರೂ ಆದರೆ ಆ ಪಾಪ ನನ್ನ ತಲೆಗೇ ಬರುತ್ತಿತ್ತು.

ಮಧ್ಯಾಹ್ನ ಹೆಣ್ಣುಕೂಸು ಅತ್ತಿತು. ಹಿಂದೆಯೇ ಮಾಸುಚೀಲವೂ ಹೊರಬಿತ್ತು. ಉಸಿರು ಬಿಡುವಷ್ಟರಲ್ಲಿ ರಕ್ತ ಹರಿಯತೊಡಗಿತು. ಕೂಡಲೇ ಸೂಜಿ ಚುಚ್ಚಿ ಹೊಟ್ಟೆ ಉಜ್ಜಿದೆ. ರಕ್ತ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಇನ್ನೊಂದು ಇಂಜೆಕ್ಷನ್ ಇರಲಿಲ್ಲ.

ಕೂಸು ಮೊಲೆ ಚೀಪಿದರೆ ಗರ್ಭಚೀಲ ಬಿಗಿಯುತ್ತದೆ ಎಂದು ತರಬೇತಿಯಲ್ಲಿ ಕಲಿತಿದ್ದೆ. ಕೂಸನ್ನು ತಾಯಿಯ ಎದೆಗೆ ಒಯ್ದೆ. ಬೆಲ್ಲದ ನೀರಿನ ಬಟ್ಟಲು ಹಿಡಿದು ಗಂಗವ್ವ ಅಡ್ಡ ಬಂದಳು.

"ಮೂರು ದಿನ ಮೊಲಿ ಕೊಡಂಗಿಲ್ರಿ. ಆ ಹಾಲು ಕೆಟ್ಟದ್ದು. ನಮ್ಮ ಮನಿ ಪದ್ಧತಿ ಹಿಂಗೈತಿ."

"ಪದ್ಧತಿ ಆಮ್ಯಾಲೆ ನೋಡೂಣು. ಮಗಳು ಬೇಕೋ ಬ್ಯಾಡೋ ನಿಮಗ?"

ಗಂಗವ್ವ ಮಗಳ ಬಿಳಿಚಿದ ಮುಖ ನೋಡಿದಳು. ಬಟ್ಟಲು ಕೆಳಗಿಟ್ಟು ತಾನೇ ಕೂಸಿನ ತಲೆಗೆ ಕೈ ಆನಿಸಿ ಹಿಡಿದಳು. ಕೂಸು ಚೀಪತೊಡಗಿತು. ಸ್ವಲ್ಪ ಹೊತ್ತಿಗೆ ನನ್ನ ಅಂಗೈ ಕೆಳಗೆ ಗರ್ಭಚೀಲ ಕಲ್ಲಿನಂತೆ ಗಟ್ಟಿಯಾಯಿತು, ರಕ್ತ ನಿಂತಿತು. ಗಂಗವ್ವ ನನ್ನ ಕೈ ಹಿಡಿದು ಗಳಗಳನೆ ಅತ್ತಳು. ನಾನೂ ಅತ್ತೆ.

ಎಷ್ಟೋ ವರ್ಷಗಳ ಮೇಲೆ ಡಾಕ್ಟರೊಬ್ಬರು ಬಿಡಿಸಿ ಹೇಳಿದರು. ಆ ಸೂಜಿಯಲ್ಲಿದ್ದ ಮದ್ದನ್ನು, ಅಂದರೆ ಆಕ್ಸಿಟೋಸಿನ್ನನ್ನು, ಕೂಸು ಚೀಪಿದಾಗ ತಾಯಿಯ ಮಿದುಳೇ ತಯಾರಿಸುತ್ತದಂತೆ. ಹೊತ್ತು ತಪ್ಪಿ ಹೊರಗಿನಿಂದ ಕೊಟ್ಟರೆ ಮಾತ್ರ ಅದೇ ಜೀವ ತೆಗೆಯಬಹುದಂತೆ.

ನೌಕರಿಯಲ್ಲಿ ಲೆಕ್ಕವಿಲ್ಲದಷ್ಟು ಸೂಜಿ ಚುಚ್ಚಿದ್ದೇನೆ, ಒಂದೂ ನೆನಪಿಲ್ಲ. ಆ ಬೆಳಿಗ್ಗೆ ಬೈಸಿಕೊಂಡು ಚುಚ್ಚದೆ ಇದ್ದೆನಲ್ಲ, ಅದರ ಹೆಮ್ಮೆ ಮಾತ್ರ ಇಂದಿಗೂ ಎದೆ ತುಂಬುತ್ತದೆ.