ಹೊಳೆ ಬತ್ತಿದ ಮೇಲಿನ ತಂತಿ

ಮೂಡಲಗಿಯ ಕುರುಬರ ಮನೆಯಲ್ಲಿ ಹುಟ್ಟಿದ ದುಂಡಪ್ಪ ಕುರಿ ಕಾಯಲಿಲ್ಲ, ತಂತಿ ಕಾಯ್ದ. ಗೋಕಾಕ ಜಲಪಾತದ ಕೆಳಗಿನ ವಿದ್ಯುತ್ ಮನೆಯಿಂದ ಕೊಣ್ಣೂರಿನ ಹೊಲಗಳ ಮೇಲೆ ಹಾದುಹೋಗುವ ತಂತಿಯ ಗುಂಟ ನಡೆಯುವುದು, ವಾಲಿದ ಕಂಬ ಎತ್ತಿ ನಿಲ್ಲಿಸುವುದು, ಹರಿದಲ್ಲಿ ಬೆಸೆಯುವುದು ಅವನ ಕೆಲಸ. ವಿದ್ಯುತ್ತಿನ ಬಗ್ಗೆ ಅವನಿಗೆ ಬೆರಗೇನೂ ಇರಲಿಲ್ಲ. ಅವನ ಮನೆಯಲ್ಲಿ ಉರಿಯುತ್ತಿದ್ದುದು ಚಿಮಣಿ ದೀಪ.

ಆ ಸೀಮೆಯ ಜನಕ್ಕೆ ತಂತಿಯ ಸ್ವಭಾವ ಕಲಿಸಿದ್ದು ಹೊಳೆ. ಘಟಪ್ರಭೆ ತುಂಬಿ ಧುಮುಕುವಾಗ ತಂತಿಗೆ ಜೀವ. ಬೇಸಿಗೆಯಲ್ಲಿ ನೀರು ಇಂಗಿ ಬಂಡೆ ಕಂಡಿತೆಂದರೆ ತಂತಿ ಸತ್ತಿತು. ಆಗ ಕಂಬಕ್ಕೆ ದನ ಕಟ್ಟುತ್ತಿದ್ದರು, ತಂತಿಯ ಕೆಳಗೇ ಜೋಳದ ಕಣಿಕೆಯ ಬಣವೆ ಒಟ್ಟುತ್ತಿದ್ದರು. ಹೀಗೆ ಮಾಡಿ ಯಾರೂ ಕೆಟ್ಟಿರಲಿಲ್ಲ.

ಒಂದು ಬೇಸಿಗೆಯ ಅಡ್ಡಮಳೆ ಸಾಲಿಗೆ ಸಾಲು ಕಂಬಗಳನ್ನು ಮಲಗಿಸಿತು. ಮೇಲಿನವರು ಎಚ್ಚೆತ್ತರು. ಮರದ ಕಂಬ ಕಿತ್ತು, ಕಬ್ಬಿಣದವನ್ನು ಒತ್ತೊತ್ತಾಗಿ ನೆಡಿಸಿದರು. ಹೊಳೆ ಬತ್ತಿದರೂ ವಿದ್ಯುತ್ತು ನಿಲ್ಲಬಾರದೆಂದು ಎಣ್ಣೆಯ ಇಂಜಿನ್ನು ತಂದು ಕೂರಿಸಿದರು. ಇನ್ನು ಬೇಸಿಗೆಯಲ್ಲೂ ತಂತಿಯ ಕೆಳಗೆ ದನ, ಬಣವೆ ಕೂಡದೆಂದು ಊರೂರಿಗೆ ಡಂಗುರ ಹೊಡೆಸಿದರು. ಜನ ಕೇಳಿದರು, ನಕ್ಕರು, ಮತ್ತೆ ಬಣವೆ ಒಟ್ಟಿದರು.

ಅವರಲ್ಲಿ ದುಂಡಪ್ಪನ ಅಕ್ಕ ಯಲ್ಲಕ್ಕನೂ ಒಬ್ಬಳು. ಗಂಡ ಸತ್ತ ಮೇಲೆ ಕೊಣ್ಣೂರಿನ ಹೊಲವನ್ನು ಎರಡು ಎತ್ತುಗಳ ಮೇಲೆ ನಡೆಸುತ್ತಿದ್ದ ಹೆಂಗಸು. ಎತ್ತು ಹೋದರೆ ಹೊಲವೂ ಮೈದುನರ ಪಾಲು ಎಂಬುದು ಅವಳಿಗೂ ಗೊತ್ತು, ತಮ್ಮನಿಗೂ ಗೊತ್ತು.

ಮರುಬೇಸಿಗೆಯ ಒಂದು ಮಧ್ಯಾಹ್ನ ಗಾಳಿ ಪೂರಾ ನಿಂತಿತ್ತು. ಹುಕ್ಕೇರಿಯ ದಿಕ್ಕಿನಲ್ಲಿ ಮೋಡ ತಾಮ್ರದ ಬಣ್ಣಕ್ಕೆ ತಿರುಗಿತ್ತು. ದುಂಡಪ್ಪ ಹೊಲಕ್ಕೆ ಬಂದಾಗ ಎತ್ತುಗಳು ಹೊಸ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿಸಿಕೊಂಡು ನಿಂತು, ಬಣವೆಗೆ ಬಾಯಿ ಹಾಕುತ್ತಿದ್ದವು.

“ಅಕ್ಕಾ, ಎಷ್ಟ ಸಲ ಹೇಳ್ಲಿ? ಎತ್ತ ಬಿಚ್ಚು.”

“ಹೊಳಿ ಸತ್ತೈತಿ, ನಿನ್ನ ತಂತಿ ಹೆಂಗ ಬದಕತೈತೋ?”

“ಎಣ್ಣಿ ಇಂಜಿನ್ ಕುಂದ್ರಿಸ್ಯಾರ. ಈಗ ಅದಕ್ಕ ಹೊಳಿ ಬ್ಯಾಡ.”

“ಹಂಗಾರ ನನ್ನ ಎತ್ತಿಗೂ ಒಂದೀಟ ಎಣ್ಣಿ ಹಾಕ್ಸೋ, ಮೇವರ ಉಳೀತೈತಿ!” ಯಲ್ಲಕ್ಕ ನಕ್ಕಳು. “ಮಾರಿ ನೋಡು, ಒಣಗಿ ಹೋಗೈತಿ. ಮದಲ ರೊಟ್ಟಿ ತಿನ್ನು. ಆಮ್ಯಾಲ ಇಬ್ರೂ ಕೂಡೇ ಬಿಚ್ಚೂಣು.”

ಅವನಿಗೂ ಹಸಿವಾಗಿತ್ತು. ಗುಡಿಸಲಿನ ಬಾಗಿಲಲ್ಲಿ ಕುಳಿತ.

ರೊಟ್ಟಿ ಇನ್ನೂ ಕೈಯಲ್ಲಿದ್ದಾಗಲೇ ಗಾಳಿ ಎದ್ದಿತು, ಅದರ ಬೆನ್ನಿಗೆ ಆಣೆಕಲ್ಲಿನ ಮಳೆ. ಹೊಸ ಕಂಬ ಅಲುಗಲಿಲ್ಲ. ಬದುವಿನ ಬೇವಿನ ಕೊಂಬೆ ಮುರಿದು ತಂತಿಗೆ ಬಡಿಯಿತು. ತಂತಿ ಹರಿದು ಬಣವೆಯ ಮೇಲೆ ಸುರುಳಿಯಾಗಿ ಬಿದ್ದಿತು. ಹತ್ತಿರದ ಎತ್ತು ಸದ್ದಿಲ್ಲದೆ ಮಡಚಿಕೊಂಡಿತು. ಇನ್ನೊಂದು ಸರಪಳಿ ಜಗ್ಗುತ್ತ ಅರಚಿತು.

ಯಲ್ಲಕ್ಕ ಓಡಿದಳು. ದುಂಡಪ್ಪ ಅವಳನ್ನು ಹಿಂದಿನಿಂದ ಹಿಡಿದು ಕೆಸರಿಗೆ ಕೆಡವಿ, ಮೇಲೆ ಬಿದ್ದು ಒತ್ತಿಕೊಂಡ. ವಿದ್ಯುತ್ತು ಕಡಿಯುವ ಕೀಲು ಮೂರು ಹೊಲದಾಚೆಯ ಕಂಬದಲ್ಲಿತ್ತು. ಓಡಿದರೆ ಎತ್ತು ಉಳಿಯಬಹುದು. ಆದರೆ ಕೈ ಬಿಟ್ಟ ಕ್ಷಣವೇ ಅಕ್ಕ ಸರಪಳಿ ಹಿಡಿಯುತ್ತಾಳೆ. ಅವಳು ಅವನ ಮುಂಗೈ ಕಚ್ಚಿದಳು. ಅವನು ಬಿಡಲಿಲ್ಲ.

“ಬಿಡೋ ಭಾಡ್ಯಾ! ಇನ್ನ ಜೀವ ಐತಿ ಅದಕ್ಕ!”

ಒದ್ದೆ ನೆಲದ ಮೇಲೆ ತಂತಿ ಚಟಪಟಿಸುತ್ತ ಹೊರಳಿತು. ಎರಡನೆಯ ಎತ್ತು ಮುಂಗಾಲೂರಿ ಕುಸಿಯಿತು, ಮತ್ತೆ ಏಳಲಿಲ್ಲ. ವಿದ್ಯುತ್ ಮನೆಯವರು ಇಂಜಿನ್ನು ನಿಲ್ಲಿಸುವವರೆಗೂ ದುಂಡಪ್ಪ ಅಕ್ಕನ ಮೇಲಿಂದ ಏಳಲಿಲ್ಲ.

ಕಂಬಗಳು ಆ ಮಳೆಯನ್ನು ತಾಳಿದವೆಂದು ಮೇಲಿನವರು ಅವನ ಬೆನ್ನು ತಟ್ಟಿದರು. ಆಮೇಲೆ ಆ ಸೀಮೆಯಲ್ಲಿ ತಂತಿಯ ಕೆಳಗೆ ಯಾರೂ ಬಣವೆ ಒಟ್ಟಲಿಲ್ಲ. ದುಂಡಪ್ಪ ಬರುವುದು ಕಂಡರೆ, ಆ ತಂತಿಯೇ ಬಂದಂತೆ, ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಯಲ್ಲಕ್ಕನ ಹೊಲ ಮೈದುನರ ಕೈಗೆ ಹೋಯಿತು.

ನಾಗರ ಪಂಚಮಿ ಬಂತು. ಪ್ರತಿವರ್ಷದಂತೆ ಅಕ್ಕನನ್ನು ತವರಿಗೆ ಕರೆಯಲು ದುಂಡಪ್ಪ ಬಂಡಿ ಹೂಡಿಕೊಂಡು ಹೋದ. ಅವಳು ಹೊರಗೆ ಬರಲಿಲ್ಲ. ಒಳಗಿನಿಂದಲೇ ಹೇಳಿದಳು:

“ಒಂದರ ಉಳೀತಿತ್ತು. ನೀ ನನ್ನ ಹಿಡಕೊಂಡ ಕುಂತಿ.”

“ನೀ ಸಾಯ್ತಿದ್ದಿ ಅಕ್ಕಾ.”

“ಈಗ ಬದಕೇನೇನು?” ಬಾಗಿಲ ಹಿಂದೆ ಬಂದು ನಿಂತು ಅಂದಳು, “ಬರ್ತೇನಿ. ತಂತಿ ಇಲ್ಲದ ದಾರೀಲೆ ಕರಕೊಂಡ ಹೋಗು.”

ಕೊಣ್ಣೂರಿನಿಂದ ಮೂಡಲಗಿಗೆ ಹೋಗುವ ಬಂಡಿದಾರಿಗಳನ್ನೆಲ್ಲ ದುಂಡಪ್ಪ ಬಲ್ಲ. ಎಲ್ಲವನ್ನೂ ಆ ತಂತಿ ಎಲ್ಲಾದರೊಂದು ಕಡೆ ಅಡ್ಡ ಹಾಯುತ್ತಿತ್ತು. ಅವನು ಖಾಲಿ ಬಂಡಿಯನ್ನೇ ಹಿಂದಕ್ಕೆ ತಿರುಗಿಸಿದ.