ಎಣ್ಣೆ ನೋಡುವ ಶಾಸ್ತ್ರ

ಬಾಟಲಿಯನ್ನು ತಲೆಕೆಳಗು ಮಾಡಿದವರು ಮಾರ್ಸೆಲಿನ್ ಬಾಯಿ. ತಲೆಕೆಳಗಾದದ್ದು ಮಾತ್ರ ಮೌರಿಸ್ ಅಂಕಲ್ ಅವರ ಬಿಳಿ ಪ್ಯಾಂಟಿನ ಮರ್ಯಾದೆ.

ಗಲ್ಫಿನ ಒಂದು ದ್ವೀಪ, ಮನಾಮದ ಹೂರಾ ಬಡಾವಣೆಯ ನಮ್ಮ ಕಟ್ಟಡದ ಮೂರನೇ ಮಹಡಿ, ಜುಲೈ ತಿಂಗಳ ಒಂದು ಶುಕ್ರವಾರ. ಮಾರ್ಸೆಲಿನ್ ಬಾಯಿಯ ಒಬ್ಬಳೇ ಮಗಳು ಡೈನಾಳನ್ನು ನೋಡಲು ರೋನ್ಸನ್ ಎಂಬ ಹುಡುಗ ಬಂದಿದ್ದ. ನೋಡಲು ಅನ್ನುವುದು ಸುಮ್ಮನೆ ಮರ್ಯಾದೆಯ ಮಾತು. ಇಬ್ಬರೂ ಸೀಫ್‌ನ ಒಂದೇ ಆಫೀಸಿನಲ್ಲಿ ಕೂತು ಒಬ್ಬರನ್ನೊಬ್ಬರು ಸಾಕಷ್ಟು ನೋಡಿಯಾಗಿತ್ತು. ಹಿರಿಯರ ಲೆಕ್ಕಕ್ಕೆ ಹುಡುಗನ ಚಿಕ್ಕಪ್ಪ ಮೌರಿಸ್ ಬಂದಿದ್ದರು. ಹೆಣ್ಣಿನ ಕಡೆಯ ಲೆಕ್ಕಕ್ಕೆ ಎದುರು ಫ್ಲ್ಯಾಟಿನ ನಾನು. ಹುಡುಗನ ಮನೆಯವರದ್ದು ಊರಿನಲ್ಲಿ ಶಿರ್ವದ ಹತ್ತಿರ ಎಣ್ಣೆ ಗಾಣ. ಹಿಂದಿನ ವಾರವೇ ಒಂದು ದೊಡ್ಡ ನೀಲಿ ಬಾಟಲಿಯಲ್ಲಿ ಗಾಣದ ತೆಂಗಿನೆಣ್ಣೆ ಕಾಣಿಕೆಯಾಗಿ ಬಂದಿತ್ತು.

"ಶುದ್ಧ ತೆಂಗಿನೆಣ್ಣೆ ಇಪ್ಪತ್ತನಾಲ್ಕು ಡಿಗ್ರಿಗೆಲ್ಲ ಗಟ್ಟಿಯಾಗ್ತದೆ," ಎಂದು ಶುರು ಮಾಡಿದರು ಮಾರ್ಸೆಲಿನ್ ಬಾಯಿ, ಮುಚ್ಚಳ ತೆಗೆಯುತ್ತ. "ನಮ್ಮ ಹಾಲ್‌ನ ಎ.ಸಿ. ಇಪ್ಪತ್ತರಲ್ಲಿ ಉಂಟು. ಒಂದು ವಾರ ಇಲ್ಲೇ ಇಟ್ಟಿದ್ದೇನೆ. ಈಗ ನೋಡಿ, ಒಂದು ಹನಿ ಬೀಳುವುದಿಲ್ಲ."

ಬಾಟಲಿ ಕಂಠದವರೆಗೆ ತುಂಬಿತ್ತು. ತುಂಬಿದ ಕೊಡ ತುಳುಕುವುದಿಲ್ಲವಾದ್ದರಿಂದ ಒಳಗಿನ ಸಂಗತಿ ಅವರ ಕೈಗೂ ತಿಳಿಯಲಿಲ್ಲ. ಬಗ್ಗಿಸಿದರು. ಒಂದು ಹನಿ ಬೀಳಲಿಲ್ಲ ನಿಜ. ಬಿದ್ದದ್ದು ಅರ್ಧ ಬಾಟಲಿ.

"ಸಾಯ್ಬಾ ಭೊಗೊಸ್!" ಎಂದು ದೇವರನ್ನು ಕೊಂಕಣಿಯಲ್ಲಿ ಕರೆದು ಮೌರಿಸ್ ಅಂಕಲ್ ಎದ್ದು ನಿಂತರು. ನಿಂತದ್ದರಿಂದ ಎಣ್ಣೆಗೆ ಕೆಳಗಿಳಿಯಲು ಇನ್ನೂ ಅನುಕೂಲವಾಯಿತು.

ಬೇರೆ ಯಾರೇ ಆಗಿದ್ದರೂ ಕ್ಷಮೆ ಕೇಳುತ್ತಿದ್ದರು. ಮಾರ್ಸೆಲಿನ್ ಬಾಯಿ ಟವೆಲನ್ನು ಮೌರಿಸ್ ಕಡೆಗೂ ಕಣ್ಣನ್ನು ರೋನ್ಸನ್ ಕಡೆಗೂ ಎಸೆದರು.

"ಇದಕ್ಕೆ ಎಂಥದ್ದು ಮಿಕ್ಸ್ ಮಾಡಿದ್ದೀರಿ?"

ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದವರು ಎಣ್ಣೆ ನೋಡುವ ಶಾಸ್ತ್ರ ಮುಗಿಸಿ, ಜಾರಬಾರದೆಂದು ಗೋಡೆ ಹಿಡಿದುಕೊಂಡು ಹೊರಟರು.

ಮಾರ್ಸೆಲಿನ್ ಬಾಯಿ ಇಲ್ಲಿಯ ಒಂದು ಶಾಲೆಯ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿ. ವರ್ಷ ವರ್ಷವೂ ಹೊಸ ಮಕ್ಕಳು, ಅದೇ ಹಳೆಯ ಮೊದಲ ಪಾಠ: ದ್ರವ್ಯ ಎಂದರೇನು, ಅದರ ಸ್ಥಿತಿಗಳು ಯಾವುವು, ಶುದ್ಧ ವಸ್ತು ಯಾವುದು, ಮಿಶ್ರಣ ಯಾವುದು. ಕಾನ್ವೆಂಟಿನಲ್ಲಿ ಇದೇ ಪಾಠದ ದಿನ ಸಿಸ್ಟರ್ "ವಾಟ್ ಈಸ್ ಮ್ಯಾಟರ್?" ಎಂದು ಕೇಳಿದಾಗ "ನಥಿಂಗ್, ಸಿಸ್ಟರ್" ಎಂದು ಹೇಳಿ ಬೆಂಚಿನ ಮೇಲೆ ನಿಂತವರಲ್ಲಿ ನಾನೂ ಒಬ್ಬಳು. ಜಾಗ ಹಿಡಿಯುವ, ತೂಕವಿರುವ ಯಾವುದೇ ವಸ್ತು ದ್ರವ್ಯ ಅಂತ ಮಾರ್ಸೆಲಿನ್ ಬಾಯಿಯೇ ನನಗೆ ಬಿಡಿಸಿ ಹೇಳಿದ್ದು. ಆ ಅರ್ಥದಲ್ಲಿ ನಾನು ಈಚೀಚೆಗೆ ಸಾಕಷ್ಟು ದ್ರವ್ಯ ಸಂಪಾದಿಸಿದ್ದೇನೆ.

ಪಾಠವನ್ನು ಮಕ್ಕಳು ಪರೀಕ್ಷೆ ಮುಗಿದ ಮೇಲೆ ಮರೆತರು. ಮಾರ್ಸೆಲಿನ್ ಬಾಯಿ ಮರೆಯಲಿಲ್ಲ. ಲ್ಯಾಬಿನಲ್ಲಿ ಉಪ್ಪು, ಸಕ್ಕರೆ, ಸೋಡಾ ಎಲ್ಲವೂ ಬಿಳಿಯೇ. ಚೀಟಿ ಉದುರಿದ ಬಾಟಲಿಗೆ ಯಾರೋ ಅಂದಾಜಿನಲ್ಲಿ ಇನ್ನೊಂದು ಚೀಟಿ ಅಂಟಿಸಿರುತ್ತಾರೆ. "ಲೇಬಲ್ ಅಂದರೆ ಒಬ್ಬರ ಅಭಿಪ್ರಾಯ ಮಾತ್ರ," ಎನ್ನುತ್ತಾರೆ ಅವರು. ಮನಾಮದ ಹಳೆ ಪೇಟೆ ಸೂಕ್‌ನಲ್ಲಿ ಜೇನು ಮಾರುವವನು ಇವರನ್ನು ದೂರದಿಂದ ಕಂಡರೆ ಒಳಕೋಣೆಗೆ ಹೋಗುತ್ತಾನೆ. ಒಂದು ಲೋಟ ನೀರು ತರಿಸಿ ಅದರಲ್ಲಿ ಜೇನು ಬಿಟ್ಟು, ಮುಳುಗಿದ್ದು ಎಷ್ಟು, ಕರಗಿದ್ದು ಎಷ್ಟು ಎಂದು ಅವನನ್ನೇ ವಿಚಾರಣೆ ಮಾಡುತ್ತಾರೆ. ನಮ್ಮ ಮನೆಯ ಕಾಫಿಯನ್ನೂ ಬೆಳಕಿಗೆ ಹಿಡಿದ ಮೇಲೆಯೇ ಕುಡಿಯುವುದು. ಹಾಗೆ ನೋಡುವುದು ಚಿಕೋರಿಗಾಗಿ ಎಂದು ನಾನು ನಂಬಿಕೊಂಡಿದ್ದೇನೆ.

ಮನುಷ್ಯರಿಗೂ ಅದೇ ವಿಂಗಡಣೆ. "ಸ್ನೇಹ ಅಂದರೆ ಮಿಶ್ರಣ. ಸರಿಹೋಗದಿದ್ದರೆ ಒಂದು ಫಿಲ್ಟರ್ ಪೇಪರ್ ಸಾಕು, ಅವರವರು ಅವರವರ ಕಡೆ. ಮದುವೆ ಅಂದರೆ ಸಂಯುಕ್ತ ಮಾರಾಯ್ರೆ. ಬಿಡಿಸಬೇಕಾದರೆ ಬೆಂಕಿ ಹಾಕಬೇಕು, ಇಲ್ಲ ಕೋರ್ಟಿಗೆ ಹೋಗಬೇಕು. ಅದಕ್ಕೇ ಸೇರಿಸುವ ಮೊದಲು ಶುದ್ಧ ಉಂಟಾ ನೋಡುವುದು."

"ಎಣ್ಣೆಯಲ್ಲಿ ಮೋಸ ಇದ್ದರೆ ಹುಡುಗನಲ್ಲೂ ಮೋಸ ಅಂತ ಹೇಗೆ ಹೇಳ್ತೀರಿ?" ಎಂದೆ ನಾನು.

"ಸ್ಯಾಂಪಲ್ ಅಂತ ಕೊಡುವುದು ಯಾಕೆ ಮತ್ತೆ?"

ಫ್ರಿಜ್ಜಿನಲ್ಲಾದರೂ ಇಟ್ಟು ನೋಡಿ ಎಂದೆ. "ಫ್ರಿಜ್ಜಿನಲ್ಲಿ ಕಳ್ಳನೂ ಗಟ್ಟಿಯಾಗ್ತಾನೆ. ಹಾಲ್‌ನಲ್ಲಿ ನಾಲ್ಕು ಜನರ ಎದುರು ಗಟ್ಟಿಯಾಗಬೇಕು," ಎಂದರು.

ಅವರ ಗಂಡ ಕಜೆಟನ್ ಈ ಮಾತುಗಳು ಬಂದಾಗಲೆಲ್ಲ ಟಿ.ವಿ.ಯ ಧ್ವನಿ ಏರಿಸುತ್ತಿದ್ದರು. ಸಲ್ಮಾಬಾದಿನ ಒಂದು ಎ.ಸಿ. ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್, ಅರ್ಧ ದ್ವೀಪವನ್ನು ತಣ್ಣಗೆ ಇಟ್ಟವರು, ಹೆಂಡತಿಯ ಎದುರು ತಾವೂ ತಣ್ಣಗೆ ಇರುವವರು.

ಸಂಶಯವೆಂಬುದು ಅನಿಲದ ಜಾತಿ. ಎಷ್ಟು ದೊಡ್ಡ ಕೋಣೆ ಕೊಟ್ಟರೂ ಪೂರ್ತಿ ತುಂಬಿಕೊಳ್ಳುತ್ತದೆ. ಉಳಿದ ಅರ್ಧ ಬಾಟಲಿಯ ಪಕ್ಕದಲ್ಲಿ, ಹೋಲಿಸಿ ನೋಡಲೆಂದು, ಮಾರ್ಸೆಲಿನ್ ಬಾಯಿ ತಮ್ಮ ಅಡಿಗೆಮನೆಯ ಎಣ್ಣೆಯನ್ನೂ ತಂದಿಟ್ಟರು. ಅದು ಊರಿನಿಂದ ತಮ್ಮ ಹರ್ಬರ್ಟ್ ಕಳಿಸಿದ್ದು; ಇಷ್ಟು ದಿನ ಒಲೆಯ ಪಕ್ಕದಲ್ಲಿ ಇದ್ದದ್ದರಿಂದ ಗಟ್ಟಿಯಾಗುವ ಪ್ರಶ್ನೆ ಬಂದಿರಲಿಲ್ಲ. ಅದೂ ಗಟ್ಟಿಯಾಗಲಿಲ್ಲ. ಬೇರೆಯವರಾಗಿದ್ದರೆ ಇಲ್ಲಿ ಪರೀಕ್ಷೆಯ ಮೇಲೆಯೇ ಅನುಮಾನ ಪಡುತ್ತಿದ್ದರು. ಮಾರ್ಸೆಲಿನ್ ಬಾಯಿ ಹರ್ಬರ್ಟನಿಗೆ ಫೋನು ಮಾಡಿದರು.

"ಹರ್ಬರ್ಟಾ, ಎಷ್ಟು ವರ್ಷದಿಂದ ನನಗೆ ಮೋಸ ಮಾಡ್ತಿದ್ದಿ?"

ಆಸ್ತಿಯ ವಿಷಯ ಎಂದುಕೊಂಡ ಹರ್ಬರ್ಟ್, ಕೇಳದೇ ಇದ್ದದ್ದಕ್ಕೂ ವಿವರಣೆ ಕೊಟ್ಟನಂತೆ. ಅಲ್ಲಿಂದ ಅಕ್ಕತಮ್ಮಂದಿರ ಮಾತು ನಿಂತಿತು.

ಆ ಕಡೆ ಮೌರಿಸ್ ಅಂಕಲ್‌ರ ಪ್ಯಾಂಟಿನ ಸುದ್ದಿ ಶಿರ್ವಕ್ಕೆ ತಲುಪಿತ್ತು. ನಮ್ಮ ಗಾಣಕ್ಕೆ ಕಲಬೆರಕೆಯ ಹೆಸರು ಕೊಟ್ಟ ಮನೆಯ ಹೆಣ್ಣು ಬೇಡ ಎಂದು ರೋನ್ಸನ್‌ನ ತಾಯಿ ಹೇಳಿದರಂತೆ. ಡೈನಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವಳು ಅಳುವ ಹುಡುಗಿಯಲ್ಲ, ಆದರೆ ಲಿಫ್ಟಿನಲ್ಲಿ ನನ್ನನ್ನು ಕಂಡು, "ಆಂಟಿ, ನನ್ನ ಲೈಫ್ ಒಂದು ಬಾಟಲಿಯ ಮೇಲೆ ನಿಂತಿದೆ. ಕುಡುಕರ ಮನೆಯಲ್ಲೂ ಹೀಗಾಗುವುದಿಲ್ಲ," ಎಂದಾಗ ಅವಳ ದನಿ ನಡುಗಿತು.

ಮುಂದಿನ ಶುಕ್ರವಾರ ಮಾತಾಡಿ ಮುಗಿಸಲು ರೋನ್ಸನ್ ಒಬ್ಬನೇ ಬರುವುದೆಂದು ಆಯಿತು. ಮಾರ್ಸೆಲಿನ್ ಬಾಯಿ ಅಂದು ಬೆಳಿಗ್ಗೆಯೇ ನಮ್ಮ ಬಾಗಿಲು ತಟ್ಟಿದರು.

"ನಿಮ್ಮ ಎಣ್ಣೆ ಕೊಡಿ. ಒಳ್ಳೆಯದು ಹೇಗಿರ್ತದೆ ಅಂತ ಅವನಿಗೆ ತೋರಿಸಬೇಕು."

ನಮ್ಮ ಹಾಲ್‌ನಲ್ಲಿದ್ದ ಬಾಟಲಿ ಮೇಣದ ಬತ್ತಿಯಂತೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅವರು ಅದನ್ನು ತಿರುಗಿಸಿ, ತಟ್ಟಿ, ಮೂಸಿ, ಕೊನೆಗೆ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಪರವಾಗಿಲ್ಲ ಎಂದರೆ ಐ.ಎಸ್.ಐ. ಮುದ್ರೆ. ರೋನ್ಸನ್ ಬಂದು ಕೂತ ಮೇಲೆ ಅದನ್ನು ನಮ್ಮ ಮನೆಯಿಂದ ತರಿಸಿ ಮೂಲೆ ಟೀಪಾಯಿಯ ಮೇಲೆ ಸಾಕ್ಷಿಯ ಹಾಗೆ ನಿಲ್ಲಿಸಿದರು.

"ಇದು ನೋಡು. ಘನ ಅಂದರೆ ಹೀಗೆ. ತನ್ನದೇ ಆಕಾರ ಉಂಟು, ಯಾವ ಪಾತ್ರೆಗೆ ಹಾಕಿದರೂ ಬದಲಾಗುವುದಿಲ್ಲ. ಇದಕ್ಕೇ ಘನತೆ ಅನ್ನುವುದು. ನಿಮ್ಮದು ದ್ರವ. ಎಲ್ಲಿ ಹಾಕಿದರೆ ಅಲ್ಲಿಯ ಆಕಾರ."

"ಆಂಟಿ, ನಮ್ಮ ಅಪ್ಪ ಬೇರೆ ಎಣ್ಣೆಯ ಡಬ್ಬಿಯನ್ನು ಗಾಣದ ಅಂಗಳಕ್ಕೇ ಬಿಡುವುದಿಲ್ಲ," ಎಂದ ರೋನ್ಸನ್. ಹಣೆಯಿಂದ ಬೆವರು ಇಳಿಯುತ್ತಿತ್ತು. ಒರೆಸಿಕೊಂಡು, "ಸಾರಿ, ಎ.ಸಿ. ಆನ್ ಇದೆಯಾ?" ಎಂದು ಕೇಳಿದ.

ಮಾರ್ಸೆಲಿನ್ ಬಾಯಿ ನನ್ನತ್ತ ವಾಲಿ ಪಿಸುಗುಟ್ಟಿದರು: "ಕಂಡಿರಾ? ಬೆವರುತ್ತಾನೆ. ತಪ್ಪಿಲ್ಲದವರು ಯಾಕೆ ಬೆವರಬೇಕು?"

ಬೆವರು ನನಗೂ ಬರುತ್ತಿತ್ತು. ನಾನು ಮಾಡಿದ ತಪ್ಪು ಯಾವುದೆಂದು ಮನಸ್ಸಿನಲ್ಲೇ ಹುಡುಕತೊಡಗಿದೆ. ಕಜೆಟನ್ ಮಾತ್ರ ತಟಕ್ಕನೆ ಎದ್ದು, "ಫುಟ್ಬಾಲ್ ನೋಡ್ತೀಯಾ ರೋನ್ಸನ್?" ಎಂದು ರಿಮೋಟು ಹುಡುಕಿದರು. ಅಷ್ಟು ಚುರುಕಾಗಿ ಅವರು ಎದ್ದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

"ಮಮ್ಮಿ, ಶುದ್ಧ ತೆಂಗಿನೆಣ್ಣೆ ಅಂದರೂ ಅದೇ ಒಂದು ಮಿಶ್ರಣ. ನಾಲ್ಕಾರು ಕೊಬ್ಬು ಸೇರಿದ್ದು. ಗೂಗಲ್ ಮಾಡಿ ನೋಡು," ಎಂದಳು ಡೈನಾ.

"ಗೂಗಲ್‌ಗೆ ಯಾರು ಎಂಥದ್ದು ಕಲಬೆರಕೆ ಮಾಡ್ತಾರೋ ಯಾರಿಗೆ ಗೊತ್ತು?"

ವಾದ ಎರಡನೇ ಸುತ್ತಿನ ಚಹಾದವರೆಗೆ ನಡೆಯಿತು. ಸಾಕ್ಷಿಯ ಕಡೆ ಮೊದಲು ನೋಡಿದವಳು ನಾನು. ನನ್ನ ಬಾಟಲಿಯ ಅಂಚು ತಿಳಿಯಾಗುತ್ತಿತ್ತು. ನೋಡುತ್ತಿದ್ದಂತೆ ನಡುವಿನ ಬಿಳಿ ಗಡ್ಡೆ ಗಾಜು ಬಿಟ್ಟು ತಳಕ್ಕೆ ಜಾರಿತು. ಚಹಾ ಲೋಟ ಕೆಳಗಿಡುವ ಹೊತ್ತಿಗೆ ಘನತೆಯೆಲ್ಲ ನೀರಾಗಿತ್ತು.

"ನಿಮ್ಮದೂನಾ!" ಎಂದರು ಮಾರ್ಸೆಲಿನ್ ಬಾಯಿ, ನನ್ನನ್ನು ಹೊಸಬಳ ಹಾಗೆ ನೋಡುತ್ತ.

"ಬೆಳಿಗ್ಗೆ ನೀವೇ ತಟ್ಟಿ ನೋಡಿದ್ದಲ್ಲವಾ? ನಮ್ಮ ಮನೆಯಲ್ಲಿ ಕಲ್ಲಿನ ಹಾಗೆ ಇತ್ತು."

ಅವರ ನೋಟ ಬಾಟಲಿಯಿಂದ ಎ.ಸಿ.ಯ ರಿಮೋಟಿಗೆ ಹೋಯಿತು: ಇಪ್ಪತ್ತು. ರಿಮೋಟಿನಿಂದ ಗೋಡೆಯ ಮೇಲಿನ ಎ.ಸಿ.ಗೆ. ಎದ್ದು ಹೋಗಿ ಕೈಚೀಲದಿಂದ ಲ್ಯಾಬಿನ ಥರ್ಮಾಮೀಟರು ತಂದರು. ಇಪ್ಪತ್ತೆಂಟು. ಜಗತ್ತಿನ ಯಾವ ಲೇಬಲನ್ನೂ ನಂಬದ ಹೆಂಗಸು ಬೇಸಗೆಯಿಡೀ ಒಂದು ರಿಮೋಟಿನ ಅಂಕಿಯನ್ನು ನಂಬಿದ್ದರು. ಹೊರಗೆ ನಲವತ್ತೈದು ಇರುವಾಗ ಇಪ್ಪತ್ತೆಂಟು ಸ್ವರ್ಗದ ಹಾಗೇ ಅನಿಸುತ್ತದೆ. ಅವರನ್ನೂ ದೂರುವ ಹಾಗಿಲ್ಲ. ನೋಟ ಕೊನೆಗೆ ಕಜೆಟನ್ ಮೇಲೆ ಇಳಿಯಿತು.

"ಗ್ಯಾಸ್ ಸ್ವಲ್ಪ ಲೀಕ್ ಉಂಟು," ಎಂದರು ಕಜೆಟನ್, ಫುಟ್ಬಾಲಿಗೆ ಹೇಳಿದಂತೆ.

"ಯಾವಾಗಿನಿಂದ?"

"ಈಸ್ಟರಿನಿಂದ."

"ಈಸ್ಟರಿಗೆ ಗ್ಯಾಸ್ ತುಂಬಿಸಿ ಆಯ್ತು ಅಂದದ್ದು ಯಾರು?"

"ಅದು ಹೊಡೆದ ಗ್ಯಾಸು, ತುಂಬಿಸಿದ್ದಲ್ಲ." ಅವರ ದನಿ ಇಳಿಯಿತು. "ವರ್ಕ್‌ಶಾಪಿನಲ್ಲಿ ಇಡೀ ದಿನ ಅದೇ ಕೆಲಸ ಮಾರಾಯ್ತಿ. ಮನೆಗೆ ಬಂದೂ ಅದೇ ಅಂದರೆ..."

ಅಂದರೆ ಅನಿಲ ಸೋರಿದ್ದರಿಂದ ದ್ರವ ಘನವಾಗಲಿಲ್ಲ. ದ್ರವ್ಯದ ಮೂರೂ ಸ್ಥಿತಿಗಳು ಸೇರಿ ಒಬ್ಬ ಹುಡುಗನನ್ನು ಪರಿಸ್ಥಿತಿಗೆ ಸಿಲುಕಿಸಿದ್ದವು. ರೋನ್ಸನ್ ನಗಲಿಲ್ಲ, ಪುಣ್ಯ. "ಮಾಫಿ ಮುಷ್ಕಿಲ್ ಅಂಕಲ್, ಪರವಾಗಿಲ್ಲ," ಎಂದು ಬೆವರೊರೆಸಿಕೊಂಡ.

ಮರುದಿನವೇ ಕಜೆಟನ್ ಗ್ಯಾಸ್ ತುಂಬಿಸಿದರು. ಅದರ ಮರುದಿನ ನಾನು ನನ್ನ ಬಾಟಲಿ ಕೇಳಲು ಹೋದಾಗ ಅವರು ಪ್ರಾಯಶ್ಚಿತ್ತಕ್ಕೆಂಬಂತೆ ಸ್ಟೂಲು ಹತ್ತಿ ಎ.ಸಿ.ಯ ಮೂತಿ ಒರೆಸುತ್ತಿದ್ದರು. ಕೆಳಗೆ ಟೀಪಾಯಿಯ ಮೇಲೆ ಮೂರು ಎಣ್ಣೆಗಳೂ, ಗಾಣದ್ದು, ಹರ್ಬರ್ಟನದ್ದು, ನನ್ನದು, ಅಮೃತಶಿಲೆಯಾಗಿ ನಿಂತಿದ್ದವು. ಮಾರ್ಸೆಲಿನ್ ಬಾಯಿ ಗಾಣದ ಬಾಟಲಿಯ ಬಾಯಿಗೆ ಚಮಚ ಹಾಕಿ ಕೆರೆದರು.

"ಇಷ್ಟು ಗಟ್ಟಿಯಾ?" ಎಂದರು. "ಮೇಣ ಹಾಕಿರಬಹುದಾ?"

ಡೈನಾ ಆಫೀಸಿನ ಬ್ಯಾಗನ್ನು ಸೋಫಾದ ಮೇಲೆ ಇಟ್ಟಳು. ಮೆಲ್ಲಗೆ, ಅದೇ ಹೆದರಿಕೆ ಹುಟ್ಟಿಸುವಂತಿತ್ತು.

"ಮಮ್ಮಿ, ಮೇಣ ಇರಲಿ, ಬೆಣ್ಣೆ ಇರಲಿ. ನಾನು ಮದುವೆಯಾಗುವುದು ಅವನನ್ನೇ. ನೀನು ಫೋನ್ ಮಾಡಿದರೆ ಅವನ ತಾಯಿ ಒಪ್ಪುತ್ತಾರೆ. ನೀನು ಮಾಡದಿದ್ದರೆ ಇಬ್ಬರು ತಾಯಂದಿರೂ ಇಲ್ಲದೆ ಚರ್ಚಿಗೆ ಹೋಗುತ್ತೇವೆ."

ಎ.ಸಿ. ಈಗ ನಿಜವಾಗಿಯೂ ಇಪ್ಪತ್ತರಲ್ಲಿತ್ತು. ನನಗೆ ಚಳಿಯಾಯಿತು. ಮಾರ್ಸೆಲಿನ್ ಬಾಯಿ ಚಮಚ ತೊಳೆದು ಬಂದರು. ಫೋನು ತೆಗೆದು ಶಿರ್ವಕ್ಕೆ ಹಚ್ಚಿದರು. "ತಪ್ಪು ನಮ್ಮ ಎ.ಸಿ.ಯದ್ದು," ಎಂದು ಶುರು ಮಾಡಿ, ಎರಡು ಸಲ ಸಾರಿ ಹೇಳಿ, ಜನವರಿಯಲ್ಲಿ ತಾರೀಕು ನೋಡುವ ಎಂಬಲ್ಲಿಗೆ ಮುಗಿಸಿದರು. ಆ ಕಡೆಯಿಂದ ಅಳುವೋ ನಗುವೋ ಕೇಳಿಸಿತು. ಡೈನಾಳ ಭುಜ ಇಳಿಯಿತು. ಎಷ್ಟೋ ದಿನದ ಮೇಲೆ ಅವಳು ನಿರಾಳವಾಗಿ ಕೂತಳು.

ಕೂತವಳಿಗೆ ಸಿಟ್ಟು ಇನ್ನೂ ಪೂರ್ತಿ ಆರಿರಲಿಲ್ಲ.

"ಮಮ್ಮಿ, ಒಂದು ಕೇಳಲಾ? ರೋನ್ಸನ್‌ಗೆ ಇಷ್ಟೆಲ್ಲ ಟೆಸ್ಟ್ ಮಾಡಿದೆಯಲ್ಲ, ನೀನು ಡ್ಯಾಡಿಯನ್ನು ಒಪ್ಪಿದ್ದು ಯಾವ ಟೆಸ್ಟ್ ಮಾಡಿ?"

ಸ್ಟೂಲಿನ ಮೇಲಿದ್ದ ಕಜೆಟನ್ ಒರೆಸುವುದನ್ನು ನಿಲ್ಲಿಸಿದರು. ಬೆನ್ನು ಸ್ವಲ್ಪ ನೆಟ್ಟಗಾಯಿತು. ಇಷ್ಟು ವರ್ಷ ತಾವೇ ಕೇಳಲು ಧೈರ್ಯ ಬಾರದಿದ್ದ ಪ್ರಶ್ನೆಯನ್ನು ಮಗಳು ಕೇಳಿದ ಸಂತೋಷ ಮುಖದಲ್ಲಿ ಕಾಣುತ್ತಿತ್ತು.

"ಟೆಸ್ಟ್ ಎಂಥದು?" ಎಂದರು ಮಾರ್ಸೆಲಿನ್ ಬಾಯಿ. "ಇಲ್ಲಿಂದ ಒಂದು ಗ್ರೂಪ್ ಫೋಟೋ ಕಳಿಸಿದ್ದರು. ನಿನ್ನ ಡ್ಯಾಡಿ ಇದ್ದದ್ದು ತುದಿಯಲ್ಲಿ. ನಾನು ಒಪ್ಪಿದ್ದು ನಡುವಿನವರನ್ನು."