ಜೈಲಿನಿಂದ ಬಂದ ತೋಟದ ಕಾಗದಗಳು

ಬಾಗೂರಿನ ಆ ಮನೆಯಲ್ಲಿ ಮಧ್ಯಾಹ್ನ ನಿಧಾನವಾಗಿ ಇಳಿಯುತ್ತದೆ. ತೆಂಗಿನ ಗರಿಗಳ ನೆರಳು ಮೊದಲು ಕಿಟಕಿಯ ಸರಳಿಗೆ, ಆಮೇಲೆ ನೆಲಕ್ಕೆ, ಕೊನೆಗೆ ನಾವು ಹರಡಿಕೊಂಡಿದ್ದ ಕಾಗದಗಳಿಗೆ ಬಂದು ಅಲ್ಲಾಡುತ್ತಿತ್ತು. ಹಳೆಯ ಮಸಿಯ ಅಕ್ಷರಗಳೂ ಅದರ ಜೊತೆ ತೇಲಿದಂತೆ ಕಾಣುತ್ತಿದ್ದವು. ಕಣ್ಣುಜ್ಜಿಕೊಂಡು ಮತ್ತೆ ಮೊದಲ ಸಾಲಿಗೆ ಹೋಗುತ್ತಿದ್ದೆ.

ಪತ್ರಿಕೆಯ ಕೆಲಸದಿಂದ ನಿವೃತ್ತನಾದ ಮೇಲೆ ಚಿತ್ರದುರ್ಗದಲ್ಲಿ ನನಗೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ಈ ಮನೆಯ ಯಜಮಾನ ನನ್ನ ಕಾಲೇಜು ದಿನಗಳ ಗೆಳೆಯ. ತಲೆಮಾರುಗಳಿಂದ ದೊಡ್ಡ ತೆಂಗಿನ ತೋಟದವರು. ಅವನ ತಾತ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ, ಹೆಂಡದ ವಿರುದ್ಧ ಸರ್ಕಾರದ ಈಚಲು ಮರಗಳನ್ನು ಕಡಿದು ಜೈಲಿಗೆ ಹೋದವರು. ಆ ಕಾಲದ ಮನೆಯ ಕಾಗದಗಳನ್ನು ಬೆಂಗಳೂರಿನ ಒಂದು ಪತ್ರಾಗಾರಕ್ಕೆ ಕೊಡಲು ಗೆಳೆಯ ಒಪ್ಪಿದ್ದ. ಪ್ರತಿ ಕಾಗದಕ್ಕೂ ಒಂದು ಚೀಟಿ, ಚೀಟಿಯಲ್ಲಿ ಎರಡು ಸಾಲಿನ ವಿವರ. ಅದನ್ನು ಬರೆಯುವುದು ನನ್ನ ಪಾಲಿಗೆ ಬಂದಿತ್ತು.

ಹಿರಿಯೂರಿನಿಂದ ಅವನ ಸೋದರತ್ತೆ ಬಂದು ಕೂತಿದ್ದರು. ಜೈಲಿಗೆ ಹೋದವರ ಕೊನೆಯ ಮಗಳು ಅವರು. ಎಂಬತ್ತು ದಾಟಿ ಎಷ್ಟೋ ಆಗಿತ್ತು. ಕಣ್ಣು ಮಂಜಾಗಿ ಅಕ್ಷರ ಹಿಡಿಯುತ್ತಿರಲಿಲ್ಲ. ಕಾಗದಗಳ ಗಂಟು ಇಷ್ಟು ವರ್ಷ ದೇವರ ಮನೆಯಲ್ಲಿತ್ತು. ದೀಪಾವಳಿಗೊಮ್ಮೆ ಇಳಿಸಿ, ವಿಭೂತಿ ಹಚ್ಚಿ, ಹಾಗೇ ಮೇಲಿಡುತ್ತಿದ್ದರು. ಬಿಚ್ಚುವ ರೂಢಿಯೇ ಇರಲಿಲ್ಲ.

"ಎಲ್ಲಾನೂ ಜೋರಾಗಿ ಓದಪ್ಪ," ಎಂದರು. "ನಾನು ಹುಟ್ಟಿದಾಗ ನಮ್ಮಪ್ಪ ಜೈಲ್ನಾಗಿದ್ದ. ಹೆಣ್ಣು ಅಂತ ಕೇಳಿ ಒಂದಕ್ಷರನೂ ಬರೀಲಿಲ್ಲ ಅಂತ ನಮ್ ದೊಡ್ಡವ್ವ ಸಾಯೋ ತಂಕ ಆಡ್ಕಂಡ್ಲು. ಸುಳ್ಳೋ ದಿಟವೋ, ಈ ಗಂಟು ಊರು ಬಿಡೋಕೆ ಮುಂಚೆ ನನಗೆ ಗೊತ್ತಾಗ್ಬೇಕು."

ತಂದೆಯನ್ನು ಕೇಳೋಣವೆಂದರೆ, ಅವರು ಬಿಡುಗಡೆಯಾಗಿ ಬಂದು ಹೆಚ್ಚು ಕಾಲ ಬದುಕಲಿಲ್ಲ. ಮಗಳಿಗೆ ಆಗಿನ್ನೂ ಮಾತು ಬರುತ್ತಿರಲಿಲ್ಲವಂತೆ.

ಓದುತ್ತಾ ಹೋದೆ. ಜೈಲಿನ ಕಾಗದಗಳೆಲ್ಲ ಅವರು ತಮ್ಮ ತಂದೆಗೆ ಬರೆದವು. ಮೂಲೆಯಲ್ಲಿ ಜೈಲಿನ ಮುದ್ರೆ. ಕಪಿಲೆ ಬಾವಿಗೆ ಹೊಸ ಹಗ್ಗ ಮಾಡಿಸಿ. ಕೊಬ್ಬರಿ ಅಟ್ಟಕ್ಕೆ ಇಲಿ ಸೇರದಂತೆ ನೋಡಿ. ಬಿಳಿ ಎತ್ತಿಗೆ ಲಾಳ ಕಟ್ಟಿಸಿ. ದೇಶದ ಮಾತಿಲ್ಲ, ಮನೆಯವರ ಮಾತೂ ಇಲ್ಲ. ಒಂದೊಂದು ಕಾಗದ ಮುಗಿದಾಗಲೂ ಸೋದರತ್ತೆಯ ಮುಖ ನೋಡುತ್ತಿದ್ದೆ. ಅವರು ಗರಿಗಳ ಸದ್ದಿನತ್ತ ಕಿವಿಯಿಟ್ಟುಕೊಂಡೇ ಮುಂದಿನದು ಎನ್ನುತ್ತಿದ್ದರು.

"ತೆಂಗು ಬೆಳೆಸೋ ಮನೆತನ, ಈಚಲು ಕಡಿದು ಜೈಲಿಗೋಯ್ತು," ಎಂದು ಗೆಳೆಯ ನಗಿಸಲು ನೋಡಿದ.

"ಲೇ, ಸುಮ್ಕಿರು. ಅವ್ನು ಓದ್ಲಿ."

ಕೊನೆಯ ಕಾಗದ ಉಳಿದಿತ್ತು. ಅದೂ ತೋಟದ್ದೇ ಎಂದು ಮೊದಲ ನೋಟಕ್ಕೇ ತಿಳಿದು, 'ತೋಟದ ಸೂಚನೆಗಳು. ಕುಟುಂಬದ ಪ್ರಸ್ತಾಪವಿಲ್ಲ' ಎಂದು ಚೀಟಿಯಲ್ಲಿ ಬರೆದೇಬಿಟ್ಟೆ. ಆಮೇಲೆ ಓದಿದೆ.

"ಬಚ್ಚಲ ನೀರು ಹರಿಯುವ ಕಡೆ ಒಂದು ಸಸಿ ಇಡಿಸಬೇಕು. ತೋಟದ ಸಸಿ ಬೇಡ. ಮನೆ ಮುಂದಿನ ಮರದ ಕಾಯಿ ಮೊಳೆತದ್ದೇ ಆಗಬೇಕು."

"ನಿಲ್ಸು," ಎಂದರು. "ಇನ್ನೊಂದ್ಸಲ ಓದು."

ಓದಿದೆ.

"ಒಂದು ಸಸಿ ತಾನೆ ಅತ್ತೆ," ಎಂದ ಗೆಳೆಯ.

"ತೋಟ ಬಿಟ್ಟು ಬಚ್ಚಲ ತಾವ ಯಾಕ್ ಇಡ್ತಾರಲೇ? ಬಾಣಂತಿ ಮಿಂದ ನೀರು, ಕೂಸು ಮಿಂದ ನೀರು ಅಲ್ಲಿಗೇ ಹರಿಯೋದು. ಈ ಮನ್ಯಾಗೆ ಮಗು ಹುಟ್ಟಿದ್ರೆ ಅಲ್ಲಿ ಸಸಿ ಇಡ್ತಿದ್ರು. ನಮ್ಮವ್ವಗೆ ತವರಿರ್ಲಿಲ್ಲ, ನಾನು ಇಲ್ಲೇ ಹುಟ್ಟಿದ್ದು. ಅಲ್ಲಿದ್ದ ಮರಾನ ಎಲ್ಲಾರೂ ನನ್ನ ಮರ ಅಂತಿದ್ರು. ನಮ್ ತಾತನೇ ತಾನಾಗಿ ಇಡ್ಸಿದ್ದು ಅಂದ್ಕಂಡಿದ್ದೆ."

"ಹೆಂಡತಿ, ಮಗು ಅಂತ ಒಂದು ಮಾತೂ ಬರೆದಿಲ್ಲವಲ್ಲ ಅಮ್ಮಾ," ಎಂದೆ. ಸುದ್ದಿಮನೆಯ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ.

"ಹೆತ್ತಪ್ಪಗೆ ಕಾಗದ ಬರಿಯೋನು ಹೆಂಡ್ತಿ, ಕೂಸು ಅಂತ ಬರೀತಾನೇನಪ್ಪ? ನಾಚ್ಕೆ ಆಗಲ್ವ? ನಿನ್ನ ಅದ್ಯಾವ ಪೇಪರ್ನೋರು ಕೆಲ್ಸಕ್ಕಿಟ್ಕಂಡಿದ್ರು!"

ಗೆಳೆಯ ಜೋರಾಗಿ ನಕ್ಕ. ನನಗೂ ನಗು ಬಂತು. ಹಿರಿಯರ ಎದುರು ಮಗ ತನ್ನ ಕೂಸನ್ನು ಎತ್ತಿ ಮುದ್ದಾಡದಿದ್ದ ಕಾಲ ನನ್ನ ಬಾಲ್ಯದಲ್ಲೂ ಪೂರ್ತಿ ಮುಗಿದಿರಲಿಲ್ಲ. ಕಾಗದದಲ್ಲೂ ಅದೇ ಸಂಕೋಚ ಇದ್ದೀತೆಂದು ನನಗೆ ಹೊಳೆದಿರಲಿಲ್ಲ.

"ಆ ಬಚ್ಚಲು ಕೆಡವಿ ಬಾತ್‌ರೂಮ್ ಕಟ್ಟಿಸಿದ್ವಿ ಅತ್ತೆ," ಎಂದ ಗೆಳೆಯ, ದನಿ ಇಳಿಸಿ. "ಮರಾನೂ ಹೋಯ್ತು."

"ಹೋಗ್ಲಿ ಬಿಡು. ಮರಕ್ಕೂ ವಯಸ್ಸಾಗಲ್ವ?" ಎಂದರು.

ಚೀಟಿಯ ಎರಡನೆಯ ವಾಕ್ಯ ಹೊಡೆದುಹಾಕಿದೆ. 'ಮಗಳು ಹುಟ್ಟಿದಾಗ ಬಚ್ಚಲ ಬಳಿ ಸಸಿ ನೆಡಲು ತಮ್ಮ ತಂದೆಗೆ ಕೋರಿಕೆ. ಮಗಳ ಹೇಳಿಕೆಯಂತೆ' ಎಂದು ಬರೆದು, ಓದಿ ಹೇಳಿದೆ. ಅವರು ತಲೆಯಾಡಿಸಿದರು.

"ಈಗ ಎಲ್ಲಿಗಾದ್ರೂ ಕಳಿಸ್ರಿ. ಇನ್ನೊಂದು ಕಿತ ಓದಪ್ಪ, ಮೊದ್ಲಿಂದ."

ತೀರ್ಥರೂಪ ತಂದೆಯವರಿಗೆ ಎಂಬಲ್ಲಿಂದ ಶುರು ಮಾಡಿದೆ. ನೆರಳು ಅವರ ಮಡಿಲಿಗೆ ಏರಿತ್ತು. ಸಸಿಯ ಸಾಲು ದಾಟುವ ಹೊತ್ತಿಗೆ ಅವರ ಉಸಿರು ನಿದ್ದೆಯ ಲಯಕ್ಕೆ ತಿರುಗಿತು. ಸಾಕೆಂದು ಗೆಳೆಯ ಕೈಸನ್ನೆ ಮಾಡಿದ. ಇನ್ನೂ ಕೆಲವು ಸಾಲುಗಳಿದ್ದವು, ಮಡಿಗಳಿಗೆ ಗೊಬ್ಬರ ಹಾಕಿಸುವ ವಿಚಾರ. ದನಿ ತಗ್ಗಿಸಿಕೊಂಡು ಅವನ್ನೂ ಓದಿದೆ.